ಬಿಸಿಯಾದಾಗ ನಿಲ್ಲುವ 1989ರ ಎಫ್-150: ಮೊದಲು ಮಾಡ್ಯೂಲ್ ನೋಡಿ

ನಿಮ್ಮ 1989ರ ಫೋರ್ಡ್ ಎಫ್-150 ಟ್ರಕ್ ಅರ್ಧ ಗಂಟೆ ಓಡಿದ ಮೇಲೆ ನಿಂತು, ತಣ್ಣಗಾದ ಮೇಲೆ ಮತ್ತೆ ಸ್ಟಾರ್ಟ್ ಆಗುತ್ತಿದ್ದರೆ, ತಪ್ಪು ಬಹುತೇಕ ಟಿಎಫ್‌ಐ ಇಗ್ನಿಷನ್ ಮಾಡ್ಯೂಲಿನದು. ಕಿಡಿಯನ್ನು ನಿಯಂತ್ರಿಸುವ ಈ ಎಲೆಕ್ಟ್ರಾನಿಕ್ ಭಾಗ, ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ಗೆ ಅಂಟಿಕೊಂಡಿರುತ್ತದೆ. ಎಂಜಿನ್ ಶಾಖಕ್ಕೆ ಅದು ಕೈಕೊಡುತ್ತದೆ.

ಮತ್ತೆ ನಿಂತಾಗ, ಬಿಸಿ ಇರುವಾಗಲೇ ಸ್ಪಾರ್ಕ್ ಟೆಸ್ಟರ್ ಹಾಕಿ ಕಿಡಿ ಬರುತ್ತಿದೆಯೇ ನೋಡಿ. ಕೀ ಆನ್ ಮಾಡಿದಾಗ ಫ್ಯೂಯಲ್ ಪಂಪ್ ಒಂದೆರಡು ಸೆಕೆಂಡ್ ಗುಂಯ್ ಅನ್ನುತ್ತಿದ್ದು, ಕಿಡಿ ಮಾತ್ರ ಇಲ್ಲದಿದ್ದರೆ ಪಂಪ್ ತಂಟೆಗೆ ಹೋಗಬೇಡಿ, ಸುಮ್ನೆ ದುಡ್ಡು ದಂಡ. ಮಾಡ್ಯೂಲನ್ನು ಅಂಗಡಿಯಲ್ಲಿ ಟೆಸ್ಟ್ ಮಾಡಿಸಿದರೂ ಜಾಸ್ತಿ ನಂಬಬೇಡಿ. ತಣ್ಣಗಿರುವ ಮಾಡ್ಯೂಲ್ ಪಾಸಾಗಿಬಿಡುತ್ತದೆ.

ಬ್ಯಾಟರಿಯ ನೆಗೆಟಿವ್ ವೈರ್ ತೆಗೆಯಿರಿ. ಮಾಡ್ಯೂಲಿನ ಎರಡು ಸ್ಕ್ರೂಗೆ 5.5 ಮಿ.ಮೀ. ಸಣ್ಣ ಸಾಕೆಟ್ ಬೇಕು. ಬಿಚ್ಚಿದ ಮೇಲೆ ನೇರ ಹೊರಗೆ ಎಳೆಯಬೇಡಿ, ಡಿಸ್ಟ್ರಿಬ್ಯೂಟರ್ ಒಳಗಿನ ಮೂರು ಪಿನ್ ಮುರಿಯುತ್ತವೆ. ಕೆಳಕ್ಕೆ ಜಾರಿಸಿ. ಹೊಸದರ ಬೆನ್ನಿಗೆ, ಶಾಖ ದಾಟಿಸುವ ಥರ್ಮಲ್ ಪೇಸ್ಟ್ ತೆಳ್ಳಗೆ ಸವರಿ. ಪ್ಲಗ್ ಬೂಟಿಗೆ ಹಚ್ಚುವ ಗ್ರೀಸ್ ಇಲ್ಲಿ ಆಗುವುದಿಲ್ಲ.

ಸ್ಕ್ರೂಗೆ ಕೈ ಹೋಗದೆ ಡಿಸ್ಟ್ರಿಬ್ಯೂಟರ್ ತಿರುಗಿಸಿದ್ದರೆ ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ಮತ್ತೆ ಕೂರಿಸಬೇಕು: ಸ್ಪೌಟ್ ಕನೆಕ್ಟರ್ (ಕಂಪ್ಯೂಟರ್ ಟೈಮಿಂಗ್ ಬದಲಿಸದಂತೆ ತೆಗೆಯುವ ಸಣ್ಣ ಪ್ಲಗ್) ತೆಗೆದು, ಪಿಸ್ಟನ್ ತುದಿ ಮುಟ್ಟುವ 10 ಡಿಗ್ರಿ ಮೊದಲಿಗೆ ಇಡಿ. ಬಾನೆಟ್ ಕೆಳಗಿನ ಸ್ಟಿಕ್ಕರ್‌ನಲ್ಲಿ ಬೇರೆ ಅಂಕಿ ಇದ್ದರೆ ಅದೇ ಸರಿ.

ಇಷ್ಟಾದರೂ ನಿಂತರೆ ಡಿಸ್ಟ್ರಿಬ್ಯೂಟರ್ ಒಳಗಿನ ಪಿಕಪ್ (ಅದರ ತಿರುಗುವಿಕೆ ಗುರುತಿಸುವ ಸೆನ್ಸರ್) ಮೇಲೆ ಅನುಮಾನ. ಅದಕ್ಕೂ ಇದೇ ಲಕ್ಷಣ, ಹೊರಗಿನಿಂದ ಬೇರೆ ಮಾಡಿ ಹೇಳುವುದು ಕಷ್ಟ. ಆಗ ಪೂರ್ತಿ ಡಿಸ್ಟ್ರಿಬ್ಯೂಟರ್ ಬದಲಿಸಿ.