‘ಅಪ್ಪ ಇವತ್ತೂ ಏನೂ ಕೇಳಲಿಲ್ಲ’

ಗುರುತು ಸಿಗಬಾರದೆಂದು ರ‍್ಯಾಂಕ್, ಮನೆಯ ಕೆಲವು ವಿವರಗಳು ಮತ್ತು ದಿನಗಳನ್ನು ಬದಲಿಸಿದ್ದೇನೆ. ಬರೆಯಲು ಹುಡುಗಿಯೂ ಆಕೆಯ ತಂದೆ ತಾಯಿಯೂ ಒಪ್ಪಿಗೆ ಕೊಟ್ಟಿದ್ದಾರೆ.

ಧಾರವಾಡಕ್ಕೆ ಜಿಟಿಜಿಟಿ ಮಳೆ ಹಿಡಿದಿದ್ದ ಜುಲೈನ ಒಂದು ಬೆಳಿಗ್ಗೆ ತಾಯಿ ಮಗಳು ನನ್ನ ಆಪ್ತಸಮಾಲೋಚನೆಯ ಕೋಣೆಗೆ ಬಂದರು. ಗದಗ ಜಿಲ್ಲೆಯ ಒಂದು ಹಳ್ಳಿಯವರು. ಹತ್ತನೆಯ ತರಗತಿಯವರೆಗೆ ಊರಿನ ಸರ್ಕಾರಿ ಕನ್ನಡ ಶಾಲೆಯಲ್ಲೇ ಓದಿದ ಹುಡುಗಿ, ಎರಡು ವರ್ಷ ಧಾರವಾಡದ ಹಾಸ್ಟೆಲಿನಲ್ಲಿದ್ದು ಪಿಯು ವಿಜ್ಞಾನ ಮುಗಿಸಿದ್ದಳು. ಕಳುಹಿಸಿದವರು ಆಕೆಯ ಗಣಿತದ ಉಪನ್ಯಾಸಕರು. ಮಗಳು ರಾತ್ರಿ ಎರಡಕ್ಕೆ ಒಮ್ಮೆ, ಮೂರಕ್ಕೆ ಒಮ್ಮೆ ಎದ್ದು ಮೊಬೈಲ್ ನೋಡುತ್ತಾಳೆ, ತಟ್ಟೆಗೆ ಹಾಕಿದ ರೊಟ್ಟಿ ಹಾಗೆಯೇ ಒಣಗುತ್ತದೆ ಎಂದು ತಾಯಿ ಹೇಳಿದರು. “ಸೀಟು ಸಿಗಲಿಲ್ಲವಂತೆ ಮೇಡಂ. ಅಂದಿನಿಂದ ಹೀಗೆಯೇ ಇದ್ದಾಳೆ.”

ಸೀಟು ಸಿಗಲಿಲ್ಲ ಎನ್ನುವ ಮಾತೇ ತಪ್ಪಾಗಿತ್ತು. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಆ ವಾರ ಪ್ರಕಟಿಸಿದ್ದು ಎಂಜಿನಿಯರಿಂಗ್ ಪ್ರವೇಶದ ಅಣಕು ಸೀಟು ಹಂಚಿಕೆಯನ್ನು. ಮಕ್ಕಳು ಅಲ್ಲಿಯವರೆಗೆ ದಾಖಲಿಸಿದ ಆಯ್ಕೆಗಳನ್ನು ಇಟ್ಟುಕೊಂಡು, ಈಗಲೇ ಹಂಚಿದರೆ ಯಾರಿಗೆ ಎಲ್ಲಿ ಸಿಗಬಹುದು ಎಂದು ತೋರಿಸುವ ಲೆಕ್ಕ ಅದು. ಅದರಿಂದ ಯಾರಿಗೂ ಸೀಟು ಬರುವುದಿಲ್ಲ, ಯಾರ ಸೀಟೂ ಹೋಗುವುದಿಲ್ಲ. ಅದಾದ ಮೇಲೆ ಆಯ್ಕೆಗಳನ್ನು ಸೇರಿಸಲು, ತೆಗೆಯಲು, ಹಿಂದೆ ಮುಂದೆ ಮಾಡಲು ಕೆಲವು ದಿನ ಅವಕಾಶವಿರುತ್ತದೆ. ಹುಡುಗಿಗೆ ಇದೆಲ್ಲ ಗೊತ್ತಿತ್ತು. ಆದರೆ ಸೀಟು ಹಂಚಿಕೆಯಾಗಿಲ್ಲ ಎಂಬ ಸಾಲು ಕಣ್ಣಿಗೆ ಬಿದ್ದ ಮೇಲೆ, ಗೊತ್ತಿದ್ದದ್ದು ಕೆಲಸಕ್ಕೆ ಬರಲಿಲ್ಲ. ಅಂದಿನಿಂದ ಆಯ್ಕೆಗಳ ಪುಟವನ್ನು ಆಕೆ ಮುಟ್ಟಿಯೇ ಇರಲಿಲ್ಲ. ಬದಲಾವಣೆಗೆ ಇನ್ನು ಐದು ದಿನ ಉಳಿದಿತ್ತು.

ತಾಯಿಯನ್ನು ಹೊರಗೆ ಕೂರಿಸಿ, ಮೊದಲು ಕೇಳಬೇಕಾದದ್ದನ್ನು ಮೊದಲೇ ಕೇಳಿದೆ. “ತಂಗಿ, ಬದುಕೇ ಬೇಡ ಎನ್ನಿಸಿದೆಯೇ?” ಇಂಥ ಪ್ರಶ್ನೆ ಕೇಳಿದರೆ ಮಕ್ಕಳ ತಲೆಗೆ ಇಲ್ಲದ ಯೋಚನೆ ಹೊಕ್ಕೀತು ಎಂದು ಅನೇಕರು ಹೆದರುತ್ತಾರೆ. ಹಾಗಾಗುವುದಿಲ್ಲ, ಯಾರಾದರೂ ಕೇಳಿದರಲ್ಲ ಎಂದು ಮಕ್ಕಳು ಉಸಿರು ಬಿಡುತ್ತಾರೆ. ಬೆಳಿಗ್ಗೆ ಏಳದೇ ಹೋದರೆ ಚೆನ್ನಾಗಿತ್ತು ಎಂದು ಎರಡು ಸಲ ಅನ್ನಿಸಿದೆ ಎಂದಳು. ಏನಾದರೂ ಮಾಡಿಕೊಳ್ಳುವ ಯೋಚನೆ ಇರಲಿಲ್ಲ. ಆಕೆಯ ಒಪ್ಪಿಗೆ ಪಡೆದು ತಾಯಿಗೆ ತಿಳಿಸಿದೆ. ರಾತ್ರಿ ಒಂಟಿಯಾಗಿ ಮಲಗಿಸಬಾರದು ಎಂದು ಹೇಳಿ, ಮರುದಿನವೇ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ಮನೋವೈದ್ಯರನ್ನು ಕಾಣಲು ಚೀಟಿ ಬರೆದುಕೊಟ್ಟೆ. ಹಗಲು ರಾತ್ರಿ ಕನ್ನಡದಲ್ಲೂ ಮಾತನಾಡುವ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ತಾಯಿ ಮಗಳು ಇಬ್ಬರ ಮೊಬೈಲ್‌ಗಳಲ್ಲೂ ಅಲ್ಲೇ ಉಳಿಸಿಸಿದೆ.

ಆಮೇಲೆ ಆಕೆ ಚೀಲದಿಂದ ಒಂದು ನೋಟ್‌ಬುಕ್ ತೆಗೆದಳು. ರಸಾಯನಶಾಸ್ತ್ರದ ಹಳೆಯ ನೋಟ್‌ಬುಕ್, ಹಿಂದಿನಿಂದ ಬರೆಯುತ್ತಾ ಬಂದಿದ್ದಳು. ದಿನ, ಸಮಯ, ಕಂಡ ಸೂಚನೆ. ಒಳ್ಳೆಯದೆನಿಸಿದ್ದು ಹಸಿರು ಶಾಯಿಯಲ್ಲಿ, ಕೆಟ್ಟದ್ದು ನೀಲಿಯಲ್ಲಿ. “ರಾತ್ರಿ 1.40. ವೆಬ್‌ಸೈಟ್ ತೆರೆಯುತ್ತಿಲ್ಲ, ಏನೋ ಹಾಕುತ್ತಿದ್ದಾರೆ.” “ಐಐಟಿ, ಎನ್‌ಐಟಿ ಸಿಕ್ಕವರು ಹೊರಟರೆ ನನಗೆ ಬರಬಹುದು.” “ಕೊಪ್ಪಳದ ಅಕ್ಕನಿಗೆ ನನಗಿಂತ ಹಿಂದಿನ ರ‍್ಯಾಂಕಿಗೂ ಸಿಕ್ಕಿತ್ತು.” “ಎಡಗಣ್ಣು ಅದುರಿತು.” “ಸೀಟಿನ ಮಾತು ಬಂದಾಗ ಹಲ್ಲಿ ಲೊಚಗುಟ್ಟಿತು.” ನಾಚಿಕೆಯಿಂದ ಪುಟ ಮುಚ್ಚಲು ಹೋದಳು. ಬೇಡ ಎಂದೆ. ತನ್ನ ಕೈಯಲ್ಲಿಲ್ಲದ ತೀರ್ಮಾನಕ್ಕಾಗಿ ಕಾಯುವ ಮನಸ್ಸು ಸಿಕ್ಕಿದ್ದನ್ನೆಲ್ಲ ಓದುತ್ತದೆ. ಮಳೆಗೆ ಕಾಯುವ ರೈತ ಇರುವೆಯ ಸಾಲನ್ನೂ ನೋಡುವುದಿಲ್ಲವೇ?

ಆದರೆ ಓದಿದ್ದು ಸರಿಯೇ ಎಂದು ಪರೀಕ್ಷಿಸಬೇಕಲ್ಲ. ವೆಬ್‌ಸೈಟ್ ನಿಧಾನವಾದ ರಾತ್ರಿಗಳು ನಾಲ್ಕು ಇದ್ದವು. ಒಂದೊಂದರ ಮುಂದೆ, ಮರುದಿನ ಏನಾಯಿತು ಎಂದು ಆಕೆಯಿಂದಲೇ ಬರೆಸಿದೆ. ನಾಲ್ಕು ಸಲವೂ ‘ಏನೂ ಇಲ್ಲ’ ಎಂದು ಬರೆದು ಪೆನ್ನು ಕೆಳಗಿಟ್ಟಳು. ಲಕ್ಷಾಂತರ ಮಕ್ಕಳು ಒಂದೇ ಬಾಗಿಲು ತಟ್ಟಿದರೆ ಬಾಗಿಲು ನಿಧಾನವಾಗುತ್ತದೆ, ಅಷ್ಟೇ. ಫಲಿತಾಂಶ ಎಲ್ಲರಿಗೂ ಒಟ್ಟಿಗೇ ಪ್ರಕಟವಾಗುತ್ತದೆ.

ಕೊಪ್ಪಳದ ಅಕ್ಕನ ಲೆಕ್ಕವೂ ತಪ್ಪಿತ್ತು. ಕೊಪ್ಪಳ ಕಲ್ಯಾಣ ಕರ್ನಾಟಕದ ಜಿಲ್ಲೆ, ಅಲ್ಲಿನವರಿಗೆ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಇದೆ. ಪಕ್ಕದ್ದೇ ಆದರೂ ಗದಗಕ್ಕೆ ಅದಿಲ್ಲ. ಅದೇ ಹೊತ್ತಿಗೆ, ಹುಡುಗಿ ತನಗೆ ಇರುವುದನ್ನು ನೋಡಿರಲಿಲ್ಲ. ಹಿಂದಿನ ವರ್ಷದ ಕಟಾಫ್ ಪಟ್ಟಿಯಲ್ಲಿ ಸಾಮಾನ್ಯ ವರ್ಗದ ಜಿಎಂ ಸಾಲನ್ನಷ್ಟೇ ಓದಿ ಕೈಚೆಲ್ಲಿದ್ದಳು. ಪ್ರವರ್ಗ 2ಎ, ಹತ್ತು ವರ್ಷ ಹಳ್ಳಿಯಲ್ಲಿ ಓದು, ಹತ್ತು ವರ್ಷ ಕನ್ನಡ ಮಾಧ್ಯಮ. ಅಂದರೆ 2ಎಜಿ (ಪ್ರವರ್ಗದ ಸಾಮಾನ್ಯ), 2ಎಆರ್ (ಗ್ರಾಮೀಣ), 2ಎಕೆ (ಕನ್ನಡ ಮಾಧ್ಯಮ) ಈ ಮೂರು ಸಾಲುಗಳನ್ನೂ ನೋಡಬೇಕಿತ್ತು. ಮೊದಲ ಸುತ್ತಿನ ಪಟ್ಟಿಯೊಂದನ್ನೇ ನೋಡಿದ್ದು ಇನ್ನೊಂದು ತಪ್ಪು. ವೈದ್ಯಕೀಯ ಸೀಟು, ಹೊರರಾಜ್ಯದ ಕಾಲೇಜು ಎಂದು ಮುಂದಿನ ರ‍್ಯಾಂಕಿನ ಹಲವರು ಬಿಟ್ಟುಹೋಗುವುದರಿಂದ ನಂತರದ ಸುತ್ತುಗಳಲ್ಲಿ ಸೀಟು ಹಿಂದಿನವರೆಗೂ ಇಳಿಯುತ್ತದೆ. ಐಐಟಿಯವರ ಬಗ್ಗೆ ಆಕೆ ಬರೆದುಕೊಂಡಿದ್ದ ಆ ಹಸಿರು ಸಾಲು ಮಾತ್ರ ನಿಜವಾದ ಸೂಚನೆಯೇ ಆಗಿತ್ತು. ಹಾಗೆಂದೇ ಹೇಳಿದೆ.

ಆಯ್ಕೆಗಳು ಎಷ್ಟು ಎಂದು ಕೇಳಿದೆ. ಆರು! ರ‍್ಯಾಂಕ್ 40 ಸಾವಿರ ದಾಟಿರುವ ಹುಡುಗಿ ಆರೇ ಆಯ್ಕೆ ಹಾಕಿದ್ದಳು. ಆರೂ ಕಂಪ್ಯೂಟರ್ ಸೈನ್ಸ್, ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ಬೆಂಗಳೂರಿನ ಹೆಸರುವಾಸಿ ಕಾಲೇಜುಗಳು. ಹಾವೇರಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿಲ್ಲ, ಗದಗದ ಕಾಲೇಜಂತೂ ಇಲ್ಲವೇ ಇಲ್ಲ. ಏಕೆಂದು ಕೇಳಿದ್ದಕ್ಕೆ ಎರಡು ಕಾರಣ ಕೊಟ್ಟಳು. ಕೆಳಗಿನ ಕಾಲೇಜು ಹಾಕಿದರೆ ಅದನ್ನೇ ಕೊಟ್ಟುಬಿಡುತ್ತಾರೆ ಎಂದು ಯಾರೋ ಹೇಳಿದ್ದರು. ಇನ್ನೊಂದನ್ನು ಬಹಳ ಹೊತ್ತು ಸುಮ್ಮನಿದ್ದು ಹೇಳಿದಳು: “ಇಷ್ಟು ಖರ್ಚು ಮಾಡಿ ಧಾರವಾಡಕ್ಕೆ ಕಳಿಸಿದರು. ತಿರುಗಿ ಗದಗಕ್ಕೇ ಬಂದರೆ ಊರಿನವರು ಅಪ್ಪನನ್ನು ಏನೆನ್ನುತ್ತಾರೆ?”

ಮೊದಲನೆಯದಕ್ಕೆ ಉತ್ತರ ಸುಲಭ. ಹಂಚಿಕೆ ರ‍್ಯಾಂಕಿನ ಕ್ರಮದಲ್ಲಿ ನಡೆಯುತ್ತದೆ. ನಿನ್ನ ಸರದಿ ಬಂದಾಗ ಪಟ್ಟಿಯ ಮೊದಲ ಆಯ್ಕೆ ಖಾಲಿ ಇದೆಯೇ ಎಂದು ಯಂತ್ರ ನೋಡುತ್ತದೆ. ಇಲ್ಲದಿದ್ದರೆ ಎರಡನೆಯದು, ಮೂರನೆಯದು, ಹೀಗೆ. ಮೇಲಿನದು ಸಿಗುವಂತಿದ್ದರೆ ಕೆಳಗಿನದನ್ನು ಯಂತ್ರ ಮುಟ್ಟುವುದೇ ಇಲ್ಲ. ಕಷ್ಟದ ಕಾಲೇಜನ್ನು ಮೇಲಿಟ್ಟರೆ ಕೆಳಗಿನದು ಕೈತಪ್ಪುವುದೂ ಇಲ್ಲ. ಆದ್ದರಿಂದ ಮನಸ್ಸಿನಲ್ಲಿರುವ ಕ್ರಮದಲ್ಲೇ ಬರೆ, ಉದ್ದಕ್ಕೆ ಬರೆ. ಒಂದೇ ಕಟ್ಟಳೆ: ಸಿಕ್ಕರೆ ಹೋಗಲಾರೆ ಎನ್ನಿಸುವ ಕಾಲೇಜನ್ನು ಪಟ್ಟಿಗೆ ಸೇರಿಸಬೇಡ. ಪ್ರವೇಶ ಪರೀಕ್ಷೆ ಸಿಇಟಿಯ 180 ಅಂಕ ಮತ್ತು ಪಿಯು ಭೌತ, ರಸಾಯನ, ಗಣಿತದ ಅಂಕ ಅರ್ಧರ್ಧ ಸೇರಿ ರ‍್ಯಾಂಕ್ ಆಗಿ ಮುಗಿದಿದೆ. ಇನ್ನು ಅದನ್ನು ಹಲ್ಲಿಯೂ ಬದಲಿಸದು, ವೆಬ್‌ಸೈಟೂ ಬದಲಿಸದು. ಆಯ್ಕೆಯ ಪಟ್ಟಿ ಮಾತ್ರ ಐದು ದಿನ ನಿನ್ನ ಕೈಯಲ್ಲಿದೆ.

ಮೊಬೈಲ್ ನೋಡುವುದಕ್ಕೆ ಬೆಳಿಗ್ಗೆ ಹತ್ತು, ಸಂಜೆ ಆರು ಎಂದು ಹೊತ್ತು ಗೊತ್ತುಮಾಡಿದೆವು. ರಾತ್ರಿ ಒಂಬತ್ತಾದ ಮೇಲೆ ಅದು ತಾಯಿಯ ದಿಂಬಿನ ಕೆಳಗೆ. ನೋಟ್‌ಬುಕ್ ಬರೆಯುವುದನ್ನು ಬಿಡಿಸಲಿಲ್ಲ. ಪ್ರತಿ ಸೂಚನೆಯ ಮುಂದೆ ಆಮೇಲೆ ಆದದ್ದನ್ನು ಬರೆ ಎಂದೆ. ಎರಡನೆಯ ಕಾರಣಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಅಪ್ಪನನ್ನು ಕರೆತನ್ನಿ ಎಂದು ತಾಯಿಗೆ ಹೇಳಿದೆ.

ಅವರು ಹೋದ ಮೇಲೆ, ಆಕೆ ಬಿಟ್ಟುಹೋಗಿದ್ದ ನೋಟ್‌ಬುಕ್ಕಿನ ಜೆರಾಕ್ಸ್ ಹಾಳೆಗಳನ್ನು ಮತ್ತೆ ಓದಿದೆ. ಒಟ್ಟು 31 ಸೂಚನೆಗಳು. ಮೊದಲ ಓದಿಗೆ ಕಾಣದಿದ್ದದ್ದು ಈಗ ಕಂಡಿತು. ಅವುಗಳಲ್ಲಿ 12 ಅಪ್ಪನ ಬಗ್ಗೆ ಇದ್ದವು, ಎಲ್ಲವೂ ನೀಲಿ ಶಾಯಿಯಲ್ಲಿ. “ಅಪ್ಪ ಊಟಕ್ಕೆ ನನ್ನ ಜೊತೆ ಕೂರಲಿಲ್ಲ.” “ದುಡ್ಡಿನ ಮಾತಿಗೆ ಹೆಸರುಕಾಳು ಬರಲಿ, ನೋಡೋಣ ಎಂದರು.” “ಅಪ್ಪ ಇವತ್ತೂ ಏನೂ ಕೇಳಲಿಲ್ಲ.” ಈ ಕೊನೆಯ ಸಾಲು ಐದು ಬಾರಿ ಇತ್ತು.

ಮೂರನೆಯ ದಿನ ತಂದೆ ಬಂದರು. ಹೊಲದಿಂದ ನೇರ ಬಸ್ ಹತ್ತಿದವರಂತೆ ಪಾದದ ಮೇಲೆ ಎರೆಮಣ್ಣು ಒಣಗಿತ್ತು. ಕುರ್ಚಿಯ ತುದಿಯಲ್ಲಿ ಕುಳಿತರು. “ಯಜಮಾನರೇ, ಮಗಳ ಹತ್ತಿರ ಸೀಟಿನ ವಿಷಯ ಮಾತನಾಡಿದ್ದೀರಾ?” ಎಂದು ಕೇಳಿದೆ. ಇಲ್ಲ ಎಂದು ತಲೆಯಾಡಿಸಿದರು. “ಕೇಳಿದರೆ ಹುಡುಗಿಗೆ ಭಾರವಾಗುತ್ತದೆ ಮೇಡಂ. ಕಾಲೇಜಿನಲ್ಲಿ ಪಾಲಕರ ಸಭೆ ಇತ್ತು. ಮಕ್ಕಳ ಮೇಲೆ ಒತ್ತಡ ಹಾಕಬೇಡಿ, ಏನೂ ಕೇಳಬೇಡಿ ಎಂದು ಒಬ್ಬರು ಹೇಳಿದ್ದರು. ಅದಕ್ಕೇ ಸುಮ್ಮನಿದ್ದೆ.”

ಇಂಥ ಸಭೆಗಳಲ್ಲಿ ನಾನೂ ಮಾತನಾಡುತ್ತೇನೆ. ಒತ್ತಡ ಹಾಕಬೇಡಿ ಎಂದು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಅದರ ಬದಲಿಗೆ ಏನು ಮಾಡಬೇಕು ಎಂದು ಹೇಳದೆ ಮಾತು ಮುಗಿಸಿದ ಸಭೆಗಳೂ ಇವೆ. ಆ ದಿನ ಅದು ನನ್ನನ್ನು ಚುಚ್ಚಿತು. ಪ್ರೀತಿಯಿಂದ ಸುಮ್ಮನಿದ್ದ ತಂದೆಯ ಮೌನವನ್ನು ಮಗಳು ದಿನಾಂಕ ಹಾಕಿ ಸೋಲೆಂದು ಬರೆದುಕೊಳ್ಳುತ್ತಿದ್ದಳು.

ಮಗಳನ್ನು ಒಳಗೆ ಕರೆದೆ. ನೋಟ್‌ಬುಕ್ ಅಪ್ಪನಿಗೆ ತೋರಿಸಬಹುದೇ ಎಂದು ಕೇಳಿ, ಆಕೆ ಹೂಂ ಎಂದ ಮೇಲೆ ಕೊಟ್ಟೆ. ಅವರು ಬೆರಳಿಟ್ಟು ನಿಧಾನವಾಗಿ ಓದಿದರು. ಐದನೆಯ ಬಾರಿ ಅದೇ ಸಾಲು ಬಂದಾಗ ಬೆರಳು ಅಲ್ಲೇ ನಿಂತಿತು. “ಅವ್ವಾ, ನಾನು ಕೇಳದೆ ಇದ್ದದ್ದು ಇದಕ್ಕಲ್ಲ” ಎಂದರು. ಮುಂದೆ ಮಾತು ಬರಲಿಲ್ಲ. ಆ ಹೊತ್ತಿನಲ್ಲಿ ನಾನು ಏನೂ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ಆಮೇಲೆ ದುಡ್ಡಿನ ಮಾತಾಡಿಸಿದೆ. ಮಕ್ಕಳ ಮುಂದೆ ಹಣದ ಲೆಕ್ಕ ಹೇಳಬಾರದು ಎನ್ನುವವರಿದ್ದಾರೆ. ಹದಿನೆಂಟರ ಮಗಳ ವಿಷಯದಲ್ಲಿ ನಾನು ಅದನ್ನು ಒಪ್ಪುವುದಿಲ್ಲ. ಗೊತ್ತಿಲ್ಲದ ಮೊತ್ತ ಮಗುವಿನ ತಲೆಯಲ್ಲಿ ಬೆಳೆಯುತ್ತಲೇ ಹೋಗುತ್ತದೆ. ಆಗಸ್ಟಿನಲ್ಲಿ ಹೆಸರು ಬಿಡಿಸಿ ಮಾರಿದರೆ ಬರುವುದೆಷ್ಟು, ಸಹಕಾರ ಸಂಘ ಕೊಡುವುದೆಷ್ಟು ಎಂದು ತಂದೆ ಬಾಯಿಬಿಟ್ಟು ಹೇಳಿದರು. ‘ಹೆಸರು ಬರಲಿ’ ಎನ್ನುವುದು ದೂಡುವ ಮಾತಲ್ಲ, ಆ ಮನೆಯ ಶುಲ್ಕ ಕಟ್ಟುವ ದಿನಾಂಕ ಎಂದು ಮಗಳಿಗೆ ಆಗ ತಿಳಿಯಿತು. ವಾರ್ಷಿಕ ಆದಾಯ 8 ಲಕ್ಷ ರೂಪಾಯಿಗಿಂತ ಕಡಿಮೆ ಇರುವ ಮನೆಯ ಮಕ್ಕಳಿಗೆ ಬೋಧನಾ ಶುಲ್ಕ ವಿನಾಯಿತಿಯ ಹೆಚ್ಚುವರಿ ಸೀಟುಗಳಿರುವುದನ್ನು ತಿಳಿಸಿ, ಅವಕ್ಕೂ ಪ್ರಯತ್ನಿಸುವಂತೆ ಹೇಳಿದೆ. ಈಗಲೇ ಮುಂಗಡ ಕೊಡದಿದ್ದರೆ ಮ್ಯಾನೇಜ್‌ಮೆಂಟ್ ಸೀಟೂ ಹೋಗುತ್ತದೆ ಎಂದು ದಿನವೂ ಫೋನ್ ಮಾಡುತ್ತಿದ್ದ ಮಧ್ಯವರ್ತಿಗೆ ಬಿಡಿಗಾಸೂ ಕೊಡಬೇಡಿ ಎಂದೂ ಖಡಾಖಂಡಿತವಾಗಿ ಹೇಳಿದೆ. ತಂದೆ ಬಂಗಾರ ಒತ್ತೆಯಿಡುವ ಯೋಚನೆಯಲ್ಲಿದ್ದರು.

ಗದಗದ ಕಾಲೇಜಿನ ಮಾತನ್ನು ಹುಡುಗಿಯೇ ಎತ್ತಿದಳು. ಊರಿನವರ ಬಾಯಿ ತನಗೆ ಬಿಡು ಎಂದರು ಅಪ್ಪ. ಅದೇ ಸಂಜೆ ಗಣಿತದ ಉಪನ್ಯಾಸಕರ ಮನೆಯಲ್ಲಿ ಮೂವರೂ ಕುಳಿತು ಪಟ್ಟಿ ಮಾಡಿದರು. ಆರು ಇದ್ದದ್ದು 54 ಆಯಿತು. ಕಂಪ್ಯೂಟರ್ ಸೈನ್ಸ್ ಜೊತೆಗೆ ಇನ್ಫರ್ಮೇಷನ್ ಸೈನ್ಸ್, ಎಲೆಕ್ಟ್ರಾನಿಕ್ಸ್ ಸೇರಿದವು. ಸಿವಿಲ್ ಬೇಡವೇ ಬೇಡ ಎಂದು ಹುಡುಗಿ ಹಟ ಹಿಡಿದಳಂತೆ. ಹಾಕಿಸಲಿಲ್ಲ.

ಡಿಮ್ಹಾನ್ಸ್‌ನ ವೈದ್ಯರು ಔಷಧಿ ಬೇಕಿಲ್ಲ, ನಿದ್ದೆ ಸರಿಹೋಗುತ್ತದೆಯೇ ಎಂದು ಎರಡು ವಾರ ಬಿಟ್ಟು ನೋಡೋಣ ಎಂದಿದ್ದರು. ಎರಡನೆಯ ವಾರದ ಹೊತ್ತಿಗೆ ರಾತ್ರಿ ಆರು ಗಂಟೆ ಮಲಗುತ್ತಿದ್ದಳು. ನೋಟ್‌ಬುಕ್ಕಿನಲ್ಲಿ ಹೊಸ ಸೂಚನೆಗಳು ನಿಂತಿರಲಿಲ್ಲ, ಆದರೆ ದಿನಕ್ಕೆ ಒಂದೋ ಎರಡೋ ಆಗಿದ್ದವು.

ಮೊದಲ ಸುತ್ತಿನ ಫಲಿತಾಂಶದ ಸುದ್ದಿ ಬಂದಾಗ ಆಕೆ ಹೊಲದಲ್ಲಿದ್ದಳು. ಸಂಜೆ ಆರರವರೆಗೆ ಕಾಯಲಿಲ್ಲ. ಆ ದಿನವೂ ಕಾಯಲಿ ಎಂದು ನಾನು ಬಯಸಿರಲೂ ಇಲ್ಲ. ಹದಿನೇಳನೆಯ ಆಯ್ಕೆ ಸಿಕ್ಕಿತ್ತು, ಎಲೆಕ್ಟ್ರಾನಿಕ್ಸ್. ಸಿಕ್ಕಿದ್ದನ್ನು ಉಳಿಸಿಕೊಂಡು ಮೇಲಿನ ಹದಿನಾರಕ್ಕೆ ಮುಂದಿನ ಸುತ್ತಿನಲ್ಲಿ ಪ್ರಯತ್ನಿಸುವ ಎರಡನೆಯ ಚಾಯ್ಸ್ ಒತ್ತಿದಳು. ಮುಂದಿನ ಸುತ್ತಿನಲ್ಲಿ ಬದಲಾಗಲಿಲ್ಲ. ಎರಡು ದಿನ ಅತ್ತಳು ಎಂದು ತಾಯಿ ಹೇಳಿದರು. ಮೂರನೆಯ ದಿನ ಪ್ರವೇಶಕ್ಕೆ ಹೊರಟಳು.

ಹೋಗುವ ದಾರಿಯಲ್ಲಿ ಅಪ್ಪ ಮಗಳು ನನ್ನ ಕೋಣೆಗೆ ಬಂದು ಹತ್ತು ನಿಮಿಷ ಕುಳಿತರು. ಬೇಕಾದ ದಾಖಲೆಗಳ ಪಟ್ಟಿಯನ್ನು ಆಕೆ ಅದೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಳು. ಗ್ರಾಮೀಣ ವ್ಯಾಸಂಗ ಪ್ರಮಾಣಪತ್ರ ಎಲ್ಲಿದೆ ಎಂದು ಅಪ್ಪ ಕೇಳಿದರು. ಚೀಲದಲ್ಲಿದೆ ಎಂದಳು. ತೆಗೆದು ತೋರಿಸು ಎಂದರು. ತೋರಿಸಿದಳು. ಆದಾಯ ಪ್ರಮಾಣಪತ್ರ? ಅದನ್ನೂ ತೋರಿಸಿದಳು. ಹೊರಗೆ ಬಸ್ಸಿನ ಹೊತ್ತಾಗುತ್ತಿದ್ದರೂ ಅವರು ಪಟ್ಟಿಯ ಕೊನೆಯವರೆಗೆ ಒಂದೊಂದನ್ನೂ ಕೇಳಿದರು.