ವಾಚೂಸೆಟ್ ಬೆಟ್ಟಕ್ಕೆ ಸ್ನೋಶೂ ಬೇಕೇ?
ನಮಸ್ಕಾರ. ಜನವರಿ ಕೊನೆಯಲ್ಲಿ 10 ವರ್ಷದ ಮಗಳೊಂದಿಗೆ ಮ್ಯಾಸಚೂಸೆಟ್ಸ್‌ನ ವಾಚೂಸೆಟ್ ಬೆಟ್ಟ ಹತ್ತಲು ಸ್ನೋಶೂ (ಹಿಮದಲ್ಲಿ ಕಾಲು ಹೂತುಹೋಗದಂತೆ ಬೂಟಿನ ಕೆಳಗೆ ಕಟ್ಟುವ ಅಗಲವಾದ ಚೌಕಟ್ಟು) ಕೊಳ್ಳಲೇಬೇಕೇ ಎಂದು ಕೇಳಿದ್ದೀರಿ. ಕೊಳ್ಳುವ ಅವಸರ ಬೇಡ, ಮೊದಲ ಸಲಕ್ಕೆ ಬಾಡಿಗೆಯದೇ ಸಾಕು.

611 ಮೀಟರ್ ಎತ್ತರದ, ಕಾಡು ಹೊದ್ದ ಈ ಬೆಟ್ಟಕ್ಕೆ ಬಾಸ್ಟನ್ ಕಡೆಯಿಂದ ಬರುವವರು ಹೆಚ್ಚಾದ್ದರಿಂದ, ಕಾಲುದಾರಿಯ ಹಿಮ ಬೇಗನೆ ತುಳಿತಕ್ಕೆ ಸಿಕ್ಕಿ, ಹಗಲು ತುಸು ಕರಗಿ, ಇರುಳು ಹೆಪ್ಪುಗಟ್ಟಿ ಗಾಜಿನಂತಾಗುತ್ತದೆ. ಅಂಥ ದಾರಿಯಲ್ಲಿ ಸ್ನೋಶೂಗಿಂತ ಬೂಟಿಗೆ ತೊಡಿಸುವ, ಸಣ್ಣ ಉಕ್ಕಿನ ಮೊಳೆಗಳುಳ್ಳ ಮೈಕ್ರೋಸ್ಪೈಕ್‌ಗಳೇ ಮೇಲು. ಹೊಸ ಹಿಮ ಬಿದ್ದು ಕಾಲು ಮೀನಖಂಡದವರೆಗೆ ಹೂತುಹೋಗುವಂತಿದ್ದರೆ ಮಾತ್ರ ಸ್ನೋಶೂ ನಿಜಕ್ಕೂ ಬೇಕು. ಬರಿಯ ಬೂಟಿನಲ್ಲಿ ನಡೆದರೆ ನಿಮಗೆ ದಣಿವು, ನೀವು ಬಿಟ್ಟ ಗುಂಡಿಗಳು ಗಟ್ಟಿಯಾದ ಮೇಲೆ ಹಿಂದೆ ಬರುವವರ ಕಣಕಾಲಿಗೆ ಅಪಾಯ. ಸ್ನೋಶೂ ಅಳತೆಯನ್ನು ಪಾದ ನೋಡಿ ಅಲ್ಲ, ಬೆನ್ನಚೀಲವೂ ಸೇರಿದ ದೇಹದ ತೂಕ ನೋಡಿ ಆರಿಸಬೇಕು; ಮಗಳಿಗೆ ಮಕ್ಕಳ ಜೋಡಿಯೇ ಇರಲಿ. (ಕೆಸರುಗದ್ದೆಯಲ್ಲಿ ನಡೆದ ಅನುಭವ ಇಲ್ಲಿ ಉಪಯೋಗಕ್ಕೆ ಬಾರದು, ಸ್ನೋಶೂ ತೊಟ್ಟ ಕಾಲುಗಳನ್ನು ತುಸು ಅಗಲಿಸಿಡದಿದ್ದರೆ ಒಂದರ ಮೇಲೊಂದು ತುಳಿದು ಬೀಳುವುದು ಖಂಡಿತ.)

ಹತ್ತಿಯ ಬಟ್ಟೆ ಬೆವರಿಗೆ ಒದ್ದೆಯಾಗಿ ಮೈಯನ್ನು ಕೊರೆಯುತ್ತದೆ, ಆದ್ದರಿಂದ ಒಳಗೆ ಉಣ್ಣೆ ಅಥವಾ ಪಾಲಿಯೆಸ್ಟರ್ ಧರಿಸಿ. ನೀರು ಮೇಲಿನಿಂದ ಹೆಪ್ಪುಗಟ್ಟುವುದರಿಂದ ಬಾಟಲಿಯನ್ನು ತಲೆಕೆಳಗಾಗಿ ಇಡಿ. ಚಳಿಗಾಲದಲ್ಲಿ ವಾಹನಗಳಿಗೆ ಮುಚ್ಚಿರುವ ಶಿಖರದ ರಸ್ತೆ ಇಳಿಯಲು ಸುಲಭ. ಉತ್ತರದ ಇಳಿಜಾರಿನ ಸ್ಕೀ ಹಾದಿಗಳಿಗೆ ಮಾತ್ರ ಕಾಲಿಡಬೇಡಿ. ಸೂರ್ಯ 5 ಗಂಟೆಯ ಸುಮಾರಿಗೆ ಮುಳುಗುವುದರಿಂದ ಬೆಳಿಗ್ಗೆಯೇ ಹೊರಡಿ.