ಮಗಳ ಹತ್ತಿರ ಬಂದು ಇರಬಹುದಾ? ಮೇಷ್ಟ್ರಿಗೆ ಒಂದು ಉತ್ತರ

ನಮಸ್ಕಾರ ಮೇಷ್ಟ್ರೇ. ಮಗಳು ಅಮೆರಿಕದ ಸಿಟಿಜನ್ ಆಗಿದ್ದಾಳೆ, ನಮ್ಮಿಬ್ಬರಿಗೂ ಗ್ರೀನ್ ಕಾರ್ಡ್ ಮಾಡಿಸುತ್ತೇನೆ ಅಂತಾಳೆ, ಶಿವಮೊಗ್ಗದ ಮನೆ ಮಾರಿ ಬಂದುಬಿಡೋಣವಾ ಅಂತ ಕೇಳಿದ್ದೀರಿ. ಖಂಡಿತ ಬನ್ನಿ. ಮನೆ ಮಾತ್ರ ಈಗಲೇ ಮಾರಬೇಡಿ.

ನಾವು ಗಂಡ ಹೆಂಡತಿ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ಮಗನ ಮನೆಯ ಹತ್ತಿರವೇ ಇದ್ದೇವೆ. ಊಟಕ್ಕೆ ಯೋಚನೆ ಬೇಡ. ಸೋನಾ ಮಸೂರಿ, ರಾಗಿ ಹಿಟ್ಟು, ಕರಿಬೇವು ಎಲ್ಲ ಸಿಗುತ್ತದೆ. ನಿಜವಾದ ಪ್ರಶ್ನೆ ಬೇರೆ: ಮಗಳು ಅಳಿಯ ಕೆಲಸಕ್ಕೆ ಹೋದಮೇಲೆ ನೀವು ಯಾರನ್ನೂ ಕೇಳದೆ ಹೊರಗೆ ಹೋಗಿ ಬರಬಹುದಾ? ಅಮೆರಿಕದ ಎಷ್ಟೋ ಬಡಾವಣೆಗಳಲ್ಲಿ ಕಾರಿಲ್ಲದೆ ಹಾಲು ತರುವುದೂ ಕಷ್ಟ. ಊರಿನಲ್ಲಿ ಬೆಳಗ್ಗೆ ಪೇಪರ್, ಸಂಜೆ ನಾಲ್ಕು ಜನರ ಜೊತೆ ಮಾತು ಅಂತ ಇದ್ದವರು ಇಲ್ಲಿ ಕಿಟಕಿ ಮುಂದೆ ಕೂತು ಸೊರಗಿದ್ದನ್ನು ನೋಡಿದ್ದೇನೆ. ಮಕ್ಕಳು ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದರು, ಆದರೂ.

ಹಾಗಾಗಿ ಮನೆಯ ಜಾಗ ನೋಡಿ. ಬಸ್ ಸ್ಟಾಪ್, ಲೈಬ್ರರಿ, ಒಂದು ಪಾರ್ಕ್ ನಡೆಯುವಷ್ಟು ಹತ್ತಿರ ಇರಲಿ. ಇಲ್ಲಿ ಲೇಕ್ ಎಲಿಜಬೆತ್ ಕೆರೆಯ ಸುತ್ತ ನಮ್ಮ ವಯಸ್ಸಿನವರು ದಿನಾ ವಾಕಿಂಗ್ ಮಾಡುತ್ತಾರೆ. ಕೆರೆ ಪಕ್ಕದಲ್ಲೇ ಹಿರಿಯರ ಕೇಂದ್ರವೂ ಇದೆ. ಪಕ್ಕದ ಊರು ಮಿಲ್ಪಿಟಾಸ್‌ಗೆ 2020ರಿಂದ ಬಾರ್ಟ್ ರೈಲು ಹೋಗುತ್ತದೆ. ಅಲ್ಲಿನ ಇಂಡಿಯಾ ಕಮ್ಯುನಿಟಿ ಸೆಂಟರಿನಲ್ಲೂ ಹಿರಿಯರು ಸೇರುತ್ತಾರೆ. 65 ದಾಟಿದವರಿಗೆ ಕ್ಲಿಪ್ಪರ್ ಅನ್ನುವ ಬಸ್ಸು ರೈಲಿನ ಕಾರ್ಡಿನಲ್ಲಿ ಟಿಕೆಟ್ ಕಡಿಮೆ. ಉತ್ತರ ಕ್ಯಾಲಿಫೋರ್ನಿಯಾದ ಕನ್ನಡ ಕೂಟವೂ ಇದೆ, ರಾಜ್ಯೋತ್ಸವ ಯುಗಾದಿಗೆ ಕನ್ನಡ ಕಿವಿ ತುಂಬಾ ಕೇಳಿಸುತ್ತದೆ. ಆದರೆ ವರ್ಷದ ಮಿಕ್ಕ ದಿನಗಳಿಗೆ ಬೇಕಾಗುವುದು ಆ ಬಸ್ಸೇ.

ಸಾಧ್ಯವಾದರೆ ಮೊದಲು ವಿಸಿಟರ್ ವೀಸಾದಲ್ಲಿ ಬಂದು ನೋಡಿ. ಸಾಮಾನ್ಯವಾಗಿ ಒಂದು ಸಲಕ್ಕೆ ಆರು ತಿಂಗಳು ಇರಲು ಬಿಡುತ್ತಾರೆ. ಬೇಸಿಗೆಯಲ್ಲಿ ಬರಬೇಡಿ, ಆಗ ಎಲ್ಲ ಚಂದ ಕಾಣುತ್ತದೆ. ನವೆಂಬರಿನಲ್ಲಿ ಬನ್ನಿ. ಚಳಿಗಾಲಕ್ಕೆ ಇಲ್ಲಿ ಎಲ್ಲರೂ ಗಡಿಯಾರವನ್ನು ಒಂದು ಗಂಟೆ ಹಿಂದೆ ಹಾಕುತ್ತಾರೆ, ಆಮೇಲೆ ಸಂಜೆ ಐದಕ್ಕೆಲ್ಲ ಕತ್ತಲು, ಮಳೆ ಶುರುವಾಗುವುದೂ ಆಗಲೇ. ಆ ತಿಂಗಳುಗಳು ಹಿಡಿಸಿದರೆ ಮಿಕ್ಕದ್ದಕ್ಕೆ ಭಯವಿಲ್ಲ.

ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ ಅನ್ನುವ ಆಸೆ ಇದ್ದರೆ ಗ್ರೀನ್ ಕಾರ್ಡ್ ಸರಿಹೋಗುವುದಿಲ್ಲ. ಅದು ಇಲ್ಲೇ ನೆಲೆಸುವವರಿಗೆ. ಆರು ತಿಂಗಳಿಗಿಂತ ಜಾಸ್ತಿ ಹೊರಗಿದ್ದರೆ ವಾಪಸ್ ಬರುವಾಗ ಪ್ರಶ್ನೆ ಕೇಳಬಹುದು. ಒಂದು ವರ್ಷ ದಾಟುವುದಾದರೆ ಹೊರಡುವ ಮುಂಚೆಯೇ ರೀಎಂಟ್ರಿ ಪರ್ಮಿಟ್‌ಗೆ, ಅಂದರೆ ವಾಪಸ್ ಬರುವ ಅನುಮತಿ ಪತ್ರಕ್ಕೆ, ಅರ್ಜಿ ಹಾಕಬೇಕು.

ಆಸ್ಪತ್ರೆ ಖರ್ಚಿನ ಬಗ್ಗೆ ಮಗಳ ಜೊತೆ ಕೂತು ಬಿಚ್ಚಿ ಮಾತಾಡಿ. ಹಿರಿಯರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆ ಮೆಡಿಕೇರ್, ನೀವು ಇಲ್ಲಿಗೆ ಬಂದ ತಕ್ಷಣ ಸಿಗುವುದಿಲ್ಲ. ಗ್ರೀನ್ ಕಾರ್ಡ್ ಪಡೆದು ಐದು ವರ್ಷ ಸತತವಾಗಿ ಇಲ್ಲಿದ್ದು, 65 ಆಗಿರಬೇಕು. ಇಲ್ಲಿ ದುಡಿಯದವರು ಆಮೇಲೂ ತಿಂಗಳು ತಿಂಗಳು ಹಣ ಕಟ್ಟಬೇಕು. ಅಲ್ಲಿಯವರೆಗೆ ವಿಮೆ ಕೊಳ್ಳಬೇಕು. ಕ್ಯಾಲಿಫೋರ್ನಿಯಾದಲ್ಲಿ ಕವರ್ಡ್ ಕ್ಯಾಲಿಫೋರ್ನಿಯಾ ಅನ್ನುವ ರಾಜ್ಯದ ವಿಮೆ ಮಾರುಕಟ್ಟೆಯ ಮೂಲಕ ಕೊಂಡರೆ ಹಳೆಯ ಶುಗರ್, ಬಿಪಿ ಇದೆ ಅಂತ ಬೇಡ ಅನ್ನುವ ಹಾಗಿಲ್ಲ. ಆದರೆ ನಮ್ಮ ವಯಸ್ಸಿಗೆ ಕಂತು ಜಾಸ್ತಿ. ಯಾರು ಕಟ್ಟುತ್ತಾರೆ ಅನ್ನುವುದು ಮೊದಲೇ ತೀರ್ಮಾನವಾಗಲಿ.

ಗ್ರೀನ್ ಕಾರ್ಡ್ ಬಂದಮೇಲೆ ನಿಮ್ಮ ಪಿಂಚಣಿ, ಎಫ್‌ಡಿ ಬಡ್ಡಿ ಎಲ್ಲವನ್ನೂ ಅಮೆರಿಕದ ತೆರಿಗೆ ಲೆಕ್ಕದಲ್ಲಿ ತೋರಿಸಬೇಕು. ಭಾರತದ ಖಾತೆಗಳಲ್ಲಿರುವ ಒಟ್ಟು ಹಣ ವರ್ಷದಲ್ಲಿ ಯಾವಾಗಲಾದರೂ 10,000 ಡಾಲರ್ ದಾಟಿದರೆ ಅದನ್ನೂ ಅಮೆರಿಕದ ಸರ್ಕಾರಕ್ಕೆ ಬೇರೆಯಾಗಿ ತಿಳಿಸಬೇಕು. ಊರಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ, ಅಂದರೆ ಹೊರದೇಶದಲ್ಲಿ ನೆಲೆಸಿದವರ ಖಾತೆಗೆ ಬದಲಿಸಬೇಕು. ಎರಡೂ ದೇಶದ ಲೆಕ್ಕ ಗೊತ್ತಿರುವ ಆಡಿಟರ್ ಒಬ್ಬರನ್ನು ಹಿಡಿಯಿರಿ.

ಮನೆಯನ್ನು ಗೊತ್ತಿರುವವರಿಗೆ ಬಾಡಿಗೆಗೆ ಕೊಡಿ. ಒಂದು ಕೋಣೆಗೆ ನಿಮ್ಮದೇ ಬೀಗ ಇರಲಿ. ಮಾರುವ ಮಾತು ಇಲ್ಲಿ ಎರಡು ಚಳಿಗಾಲ ಕಳೆದ ಮೇಲೆ ಆಡೋಣ. ಮಗಳ ಮನೆ ಯಾವ ಊರಿನಲ್ಲಿದೆ ಅಂತ ನೀವು ಬರೆದಿಲ್ಲ. ತಿಳಿಸಿ, ಆ ಕಡೆ ಬಸ್ಸು, ರೈಲು ಹೇಗೆ ಅಂತ ವಿಚಾರಿಸಿ ಹೇಳುತ್ತೇನೆ.